ನಗರದ ಮೂಲ ಕಾನೂನು ತಿದ್ದಲು ಕೂತ ನಾಗರಿಕರು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಅನೇಕ ನಗರಗಳಿಗೆ ತಮ್ಮದೇ ಆದ ಮೂಲ ಕಾನೂನು ಇದೆ. ಅದನ್ನು ಚಾರ್ಟರ್ ಎನ್ನುತ್ತಾರೆ. ಮೇಯರ್ ಅಧಿಕಾರ ಎಷ್ಟು, ಕೌನ್ಸಿಲ್‌ಗೆ (ಚುನಾಯಿತ ನಗರಸಭೆಗೆ) ಎಷ್ಟು ಮಂದಿ, ಚುನಾವಣೆ ಹೇಗೆ ಎಂಬುದೆಲ್ಲ ಅದರಲ್ಲೇ ನಿರ್ಧಾರ. ಅದನ್ನು ತಿದ್ದುವ ಆಯೋಗಗಳಲ್ಲಿ ಸ್ವಯಂಸೇವಕರಾಗಿ ಸಾಮಾನ್ಯ ನಾಗರಿಕರೂ ಕೂರುತ್ತಾರೆ.

ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡನ್ನೇ ನೋಡಿ. ಅಲ್ಲಿ 1913ರಿಂದ ಒಂದು ವಿಚಿತ್ರ ಪದ್ಧತಿಯಿತ್ತು: ಕಾನೂನು ಮಾಡುವ ಕೌನ್ಸಿಲ್ ಸದಸ್ಯರೇ ಒಬ್ಬೊಬ್ಬರು ಒಂದಷ್ಟು ಇಲಾಖೆಗಳನ್ನೂ ನಡೆಸುತ್ತಿದ್ದರು. ಇದನ್ನು ಪರಿಶೀಲಿಸಲು 20 ನಾಗರಿಕರ ಆಯೋಗ ಕೂತಿತು. ಇಂಥ ಆಯೋಗದ ಹೊಸ ಸದಸ್ಯರು ಮೊದಲ ದಿನವೇ ತಿಳಿಯಬೇಕಾದದ್ದು ಮತದ ಲೆಕ್ಕ. ಅಲ್ಲಿ 15 ಮಂದಿ ಒಪ್ಪಿದರೆ ಪ್ರಸ್ತಾವನೆ ನೇರವಾಗಿ ಮತದಾರರ ಮುಂದೆ ಹೋಗುತ್ತದೆ. ಬರೀ ಬಹುಮತ ಬಂದರೆ ಅದು ಕೌನ್ಸಿಲ್‌ಗೆ ಮಾಡಿದ ಶಿಫಾರಸು ಅಷ್ಟೇ. ಯಾರ ಅಧಿಕಾರ ಕಡಿಮೆಯಾಗುತ್ತದೋ ಅವರ ಕೈಗೇ ತೀರ್ಮಾನ ಹೋಗುತ್ತದೆ! ಆದ್ದರಿಂದ ಭಿನ್ನಾಭಿಪ್ರಾಯ ಇರುವವರ ಜೊತೆ ಆರಂಭದಿಂದಲೇ ಮಾತಾಡುವುದು ಅನಿವಾರ್ಯ. 2022ರ ಜೂನ್‌ನಲ್ಲಿ ಆಯೋಗದ ಪ್ರಸ್ತಾವನೆಗೆ 17 ಮಂದಿ ಒಪ್ಪಿದರು, ಮೂವರು ಒಪ್ಪಲಿಲ್ಲ.

ಆದರೆ ಆ ಮಾತುಕತೆ ಬಹಿರಂಗ ಸಭೆಯಲ್ಲೇ ನಡೆಯಬೇಕು. ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಸಂಖ್ಯೆ) ಆಗುವಷ್ಟು ಸದಸ್ಯರು ಇಮೇಲ್‌ನಲ್ಲಿ ಸರದಿಯಂತೆ ಚರ್ಚಿಸಿ ತೀರ್ಮಾನಕ್ಕೆ ಬಂದರೆ, ಅದೇ ಗುಟ್ಟಿನ ಸಭೆಯೆನಿಸಿ ಕಾನೂನಿನ ತೊಡಕಾಗಬಹುದು. ಒಳ್ಳೆಯ ಉದ್ದೇಶದ ಸದಸ್ಯರು ಸುಲಭವಾಗಿ ಎಡವುವುದು ಇಲ್ಲೇ.

ಇನ್ನೊಂದು ಕಷ್ಟ, ಒಂದು ದಾರ ಎಳೆದರೆ ಮಿಕ್ಕದ್ದೂ ಬರುತ್ತದೆ. ಕೌನ್ಸಿಲ್ ಸದಸ್ಯರಿಂದ ಇಲಾಖೆ ಬಿಡಿಸಿದರೆ ಅದನ್ನು ನಡೆಸುವವರಾರು? ಅದಕ್ಕಾಗಿ ನಗರ ಆಡಳಿತಾಧಿಕಾರಿಯ ಹುದ್ದೆ. ಆಯೋಗ ಸೂಚಿಸಿದಂತೆ ಕೌನ್ಸಿಲ್‌ಗೆ 4 ಕ್ಷೇತ್ರ, ತಲಾ 3 ಸದಸ್ಯರು, ಒಟ್ಟು 12 ಎಂದರೆ ಮತ ಎಣಿಕೆಯೂ ಬದಲಾಗಬೇಕು: ಮತದಾರರು ಅಭ್ಯರ್ಥಿಗಳಿಗೆ ಆದ್ಯತೆಯ ಕ್ರಮ ಕೊಡುತ್ತಾರೆ, 3 ಸ್ಥಾನವಿರುವ ಕ್ಷೇತ್ರದಲ್ಲಿ ನಾಲ್ಕನೇ ಒಂದು ಪಾಲಿಗಿಂತ ತುಸು ಹೆಚ್ಚು ಮತ ಸಿಕ್ಕರೆ ಗೆಲುವು. ಇವನ್ನೆಲ್ಲ ಒಂದೇ ಪ್ರಸ್ತಾವನೆಯಲ್ಲಿ ಕಟ್ಟಿದ್ದಕ್ಕೆ ನ್ಯಾಯಾಲಯದಲ್ಲಿ ಆಕ್ಷೇಪ ಬಂತು, ಅದು ನಿಲ್ಲಲಿಲ್ಲ. ಬಿಡಿಬಿಡಿಯಾಗಿ ಮತಕ್ಕೆ ಹಾಕಿ ಅರ್ಧ ಮಾತ್ರ ಗೆದ್ದಿದ್ದರೆ ನಗರಾಡಳಿತವೇ ಗೊಂದಲಕ್ಕೆ ಬೀಳುತ್ತಿತ್ತು. ಒಟ್ಟಿಗೆ ಕಟ್ಟಿದ್ದೇ ಸರಿ ಎಂದು ನನ್ನ ಅಭಿಪ್ರಾಯ.

ಸಾರ್ವಜನಿಕ ಅಹವಾಲು ಕೇಳುವುದು ಎದ್ದುಕಾಣುವ ಕೆಲಸ. ಅದಕ್ಕಿಂತ ಭಾರವಾದದ್ದು ವಕೀಲರು ಸಿದ್ಧಪಡಿಸಿದ ಕರಡನ್ನು ಸಾಲು ಸಾಲಾಗಿ ಓದುವುದು. ವಿಶೇಷವಾಗಿ ಕೊನೆಯ ಪುಟಗಳು: ಹಳೆಯ ವ್ಯವಸ್ಥೆ ಯಾವ ದಿನ ಮುಗಿಯುತ್ತದೆ, ಹೊಸದು ಯಾವಾಗ ಶುರು, ಆವರೆಗೆ ಹೊಣೆ ಯಾರದು. ಪೋರ್ಟ್‌ಲ್ಯಾಂಡ್ ಮತದಾರರು ಒಪ್ಪಿದ್ದು 2022ರ ನವೆಂಬರ್‌ನಲ್ಲಿ. ಹೊಸ ಕೌನ್ಸಿಲ್ ಕೂತದ್ದು 2025ರ ಜನವರಿಯಲ್ಲಿ. ನಡುವಿನ ಎರಡು ವರ್ಷಕ್ಕೆ ಕರಡಿನಲ್ಲೇ ವ್ಯವಸ್ಥೆ ಇತ್ತು. ಕ್ಷೇತ್ರಗಳ ಗಡಿ ಎಳೆಯಲು ಸ್ವತಂತ್ರ ಸಮಿತಿ, ಕೌನ್ಸಿಲ್ ಸದಸ್ಯರ ಸಂಬಳ ಗೊತ್ತುಮಾಡಲು ಮತ್ತೊಂದು ಸಮಿತಿ. ಎರಡನ್ನೂ ಹಾಲಿ ಸದಸ್ಯರ ಕೈಗೆ ಬಿಡಲಿಲ್ಲ.