ನಲವತ್ತೆರಡು ಕಿಲೋಮೀಟರ್ ಓಡೋದು, ನಾನೂರು ಜನರ ಹತ್ರ ಕೇಳೋದು

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ಮನೆ ಕೆಲಸ ಬಿಟ್ಟು ಇಷ್ಟು ಜನ ಬಂದಿದೀರ, ಮಕ್ಕಳನ್ನೂ ಕರ್ಕೊಂಡು ಬಂದಿದೀರ, ನಂಗೆ ತುಂಬಾ ಸಂತೋಷ ಆಯ್ತು. ನಾನು ಪಿಯು ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡೋಳು, ವಯಸ್ಸು 46, ಶಾಲೇಲಿ ಖೋಖೋ ಆಡಿದ್ದು ಬಿಟ್ರೆ ಆಮೇಲೆ ಬಸ್ಸು ಹಿಡಿಯೋಕೆ ಓಡಿದ್ದಷ್ಟೇ. ಈ ಜನವರೀಲಿ ಮುಂಬೈ ಮ್ಯಾರಥಾನ್ ಪೂರ್ತಿ ಓಡಿ ಬಂದೆ, ಅದರ ಜೊತೆಗೆ ಒಂದು ಟ್ರಸ್ಟಿಗೆ ಒಂದಷ್ಟು ಹಣಾನೂ ಕೂಡಿಸಿದೆ. ಹೇಗೆ ಓಡಿದ್ರಿ ಮೇಡಂ ಅಂತ ಎಲ್ರೂ ಕೇಳ್ತಾರೆ, ಹೇಗೆ ಕೇಳಿದ್ರಿ ಅಂತ ಯಾರೂ ಕೇಳಲ್ಲ. ನನ್ನ ಅನುಭವದಲ್ಲಿ ಕಷ್ಟ ಆಗಿದ್ದು ಎರಡನೇದು, ಹಾಗಾಗಿ ಇವತ್ತು ಎರಡನ್ನೂ ಸೇರಿಸೇ ಹೇಳ್ತೀನಿ.

ಶುರುವಾಗಿದ್ದು ಆಸ್ಪತ್ರೆಯಿಂದ. ನನ್ನ ತಮ್ಮನ ಮಗಳಿಗೆ ಆರು ವರ್ಷಕ್ಕೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯ್ತು, ಬೆಂಗಳೂರಲ್ಲಿ ಟ್ರೀಟ್‌ಮೆಂಟು, ಮಕ್ಕಳಲ್ಲಿ ಬರೋ ಈ ಥರದ ಕ್ಯಾನ್ಸರಿಗೆ ಎರಡರಿಂದ ಮೂರು ವರ್ಷ ಔಷಧಿ ನಡೀತಾನೇ ಇರುತ್ತೆ. ನಾನು ರಜಾ ಇದ್ದಾಗೆಲ್ಲ ಹೋಗಿ ಅವಳ ಜೊತೆ ಇರ್ತಿದ್ದೆ. ಪಕ್ಕದ ಬೆಡ್‌ನಲ್ಲಿ ಯಾದಗಿರಿ ಕಡೆಯ ಒಬ್ಬ ಹುಡುಗ, ಅವನ ಜೊತೆಗೆ ಅವರಮ್ಮ. ಔಷಧಿ ಖರ್ಚು ಸರ್ಕಾರದ ಕಾರ್ಡಲ್ಲಿ ಆಗ್ತಿತ್ತು, ಅದು ದೊಡ್ಡ ಉಪಕಾರಾನೇ, ಇಲ್ಲ ಅನ್ನಲ್ಲ. ಆದ್ರೆ ಡಿಸ್ಚಾರ್ಜ್ ಆದ ದಿನ ಆ ತಾಯಿ ಎಲ್ಲಿಗೆ ಹೋಗ್ಬೇಕು ಹೇಳಿ, ಐದು ದಿನ ಬಿಟ್ಟು ಮತ್ತೆ ಬರ್ಬೇಕು, ಯಾದಗಿರಿಗೆ ಹೋಗಿ ಬರೋಕೆ ರೈಲಲ್ಲೇ ಎರಡು ರಾತ್ರಿ, ಊರಲ್ಲಿ ಕೂಲಿ ನಿಂತು ಎಷ್ಟೋ ದಿನ ಆಗಿದೆ. ಕೀಮೋ ಆದ್ಮೇಲೆ ಮಗುವಿನ ಬಿಳಿ ರಕ್ತಕಣ ಬಿದ್ದು ಹೋಗಿರುತ್ತೆ, ಆ ಟೈಮಲ್ಲಿ ಜ್ವರ ಬಂದ್ರೆ ನಾಳೆ ನೋಡೋಣ ಅನ್ನೋ ಹಾಗಿಲ್ಲ, ತಕ್ಷಣ ಆಸ್ಪತ್ರೆಗೆ ಬಂದು ಆಂಟಿಬಯಾಟಿಕ್ ಕೊಡಿಸ್ಬೇಕು. ಅಂದ್ರೆ ಆಸ್ಪತ್ರೆ ಹತ್ರಾನೇ ಒಂದು ಕ್ಲೀನ್ ರೂಮು, ಕಾಯಿಸಿದ ನೀರು, ಬಿಸಿ ಅನ್ನ ಇರ್ಬೇಕು, ಅದೂ ಔಷಧಿಯಷ್ಟೇ ಮುಖ್ಯ. ಅದು ಸಿಗದೇನೇ ಅರ್ಧಕ್ಕೆ ಟ್ರೀಟ್‌ಮೆಂಟ್ ಬಿಟ್ಟು ಊರಿಗೆ ಹೋಗೋರು ಇದಾರೆ, ವಾಸಿ ಆಗೋ ಕಾಯಿಲೆ ವಾಸಿ ಆಗದೆ ಹೋಗುತ್ತೆ, ಇದನ್ನ ನೆನೆಸ್ಕೊಂಡ್ರೆ ನಂಗೆ ಈಗ್ಲೂ ಹೊಟ್ಟೇಲಿ ಕಲಸಿದ ಹಾಗಾಗುತ್ತೆ.

ಅಂಥ ಮನೆಯೊರಿಗೆ ರೂಮು, ಊಟ ಕೊಡೋ ಒಂದು ಸಣ್ಣ ಟ್ರಸ್ಟ್ ಇದೆ ಅಂತ ನರ್ಸ್ ಒಬ್ರು ಹೇಳಿದ್ರು. ಹೋಗಿ ನೋಡಿದೆ. ಒಂದು ಮಗು, ಒಬ್ರು ಅಟೆಂಡರ್, ಇಬ್ರಿಗೂ ಸೇರಿ ಒಂದು ದಿನಕ್ಕೆ ಹತ್ರ ಹತ್ರ ನಾನೂರು ರೂಪಾಯಿ ಆಗುತ್ತೆ ಅಂತ ಲೆಕ್ಕದ ಪುಸ್ತಕ ತೆಗೆದು ತೋರಿಸಿದ್ರು. ಆ ನಾನೂರು ತಲೇಲಿ ಕೂತುಬಿಡ್ತು. ಮ್ಯಾರಥಾನ್ ಅಂದ್ರೆ 42.195 ಕಿಲೋಮೀಟರ್ ಅಲ್ವಾ, ಕಿಲೋಮೀಟರ್‌ಗೆ ಹತ್ತು ರೂಪಾಯಿ ಅಂದ್ರೆ 422 ರೂಪಾಯಿ. ಒಬ್ರು ಕೊಟ್ರೆ ಒಂದು ತಾಯಿ ಮಗುವಿಗೆ ಒಂದು ದಿನ. ನಾನೂರು ಜನರ ಹತ್ರ ಕೇಳ್ತೀನಿ ಅಂತ ಬರೆದಿಟ್ಕೊಂಡೆ.

ಇದೇನೂ ನಾನು ಕಂಡುಹಿಡಿದಿದ್ದಲ್ಲ ಬಿಡಿ. ಕೆನಡಾದಲ್ಲಿ ಟೆರ್ರಿ ಫಾಕ್ಸ್ ಅಂತ ಒಬ್ಬ ಹುಡುಗ ಇದ್ದ, ಹದಿನೆಂಟು ವರ್ಷಕ್ಕೆ ಮೂಳೆ ಕ್ಯಾನ್ಸರ್ ಬಂದು 1977ರಲ್ಲಿ ಬಲಗಾಲು ಮೊಣಕಾಲಿಂದ ಮೇಲಕ್ಕೇ ತೆಗೆದ್ರು. ವಾರ್ಡಲ್ಲಿದ್ದ ಬೇರೆ ರೋಗಿಗಳ, ಅದ್ರಲ್ಲೂ ಮಕ್ಕಳ ನೋವು ನೋಡಿ ಅವನಿಗೆ ಸುಮ್ನೆ ಇರೋಕಾಗ್ಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಕೃತಕ ಕಾಲಲ್ಲಿ ಪ್ರಾಕ್ಟೀಸ್ ಮಾಡಿ, 1980ರ ಏಪ್ರಿಲ್ 12ಕ್ಕೆ ಅಟ್ಲಾಂಟಿಕ್ ಸಮುದ್ರದ ದಡದಿಂದ ಶುರು ಮಾಡಿ ದಿನಾ ಸುಮಾರು ಒಂದು ಮ್ಯಾರಥಾನಿನಷ್ಟು ದೂರ ಓಡಿದ. 143 ದಿನ, 5,373 ಕಿಲೋಮೀಟರ್. ಕ್ಯಾನ್ಸರ್ ಶ್ವಾಸಕೋಶಕ್ಕೆ ಬಂದಿದೆ ಅಂತ ಗೊತ್ತಾಗಿ ಸೆಪ್ಟೆಂಬರ್ 1ಕ್ಕೆ ನಿಲ್ಲಿಸ್ಬೇಕಾಯ್ತು, ಮುಂದಿನ ವರ್ಷ ಜೂನಲ್ಲಿ ತೀರಿಕೊಂಡ, ಆಗಿನ್ನೂ 22 ವರ್ಷ. ಅವನು ಕೇಳಿದ್ದು ದೇಶದ ಒಬ್ಬೊಬ್ಬರಿಂದ ಒಂದೊಂದು ಡಾಲರ್, ಅವನು ಹೋಗೋಕೆ ಮುಂಚೇನೇ ಆ ಲೆಕ್ಕ ತುಂಬ್ತು, ಎರಡು ಕೋಟಿ ನಲವತ್ತು ಲಕ್ಷ ಡಾಲರ್ ದಾಟ್ತು. ನಂಗೆ ಇದರಲ್ಲಿ ತುಂಬಾ ಹಿಡಿಸಿದ್ದು ಅಂದ್ರೆ, ಓಡೋಕೆ ಮುಂಚೇನೇ ಅವನು ಕೂತು ಕಾಗದ ಬರೆದಿದ್ದ, ನಂಗೆ ಸಹಾಯ ಬೇಕು ಅಂತ ನೇರವಾಗಿ ಕೇಳಿದ್ದ. ಒಂದೊಂದು ಡಾಲರ್ ಅನ್ನೋದೂ ಎಷ್ಟು ಸರಿಯಾದ ಲೆಕ್ಕ ನೋಡಿ, ಯಾರಿಗೂ ಭಾರ ಇಲ್ಲ, ಯಾರೂ ಹೊರಗೆ ಉಳಿಯಲ್ಲ.

ನಮ್ಮ ಫೌಜಾ ಸಿಂಗ್ ಅಜ್ಜ ಗೊತ್ತಲ್ಲ, ಪಂಜಾಬಿನವರು, 2000ದಲ್ಲಿ ಲಂಡನ್ ಮ್ಯಾರಥಾನ್ ಓಡಿದಾಗ ಅವರ ಲೆಕ್ಕದಲ್ಲಿ 89 ವಯಸ್ಸು, ಅವರೂ ಓಡಿದ್ದು ದಿನ ತುಂಬೋಕೆ ಮುಂಚೆ ಹುಟ್ಟಿದ ಕೂಸುಗಳಿಗಾಗಿ. ಇಂಥವರನ್ನ ನೆನೆಸ್ಕೊಂಡ್ರೆ ನನ್ನ 46 ಒಂದು ವಯಸ್ಸಾ ಅನ್ಸುತ್ತೆ.

ಸರಿ, ಓಟದ ವಿಷಯ. ನಾನು ಶುರು ಮಾಡಿದ್ದು ಮಾರ್ಚಲ್ಲಿ, ಓಟ ಮುಂದಿನ ಜನವರೀಲಿ, ಅಂದ್ರೆ ಹತ್ತು ತಿಂಗಳು ಕೈಲಿತ್ತು. ಮೊದಲನೇ ದಿನದಿಂದ್ಲೇ ಓಡ್ಬೇಡಿ, ದಯವಿಟ್ಟು. ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆ, ಹೀಗೆ ಅರ್ಧ ಗಂಟೆ, ವಾರಕ್ಕೆ ಮೂರು ದಿನ. ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ನಾಲ್ಕೂವರೆ ಕಿಲೋಮೀಟರ್ ಹತ್ರ ಬರುತ್ತೆ, ಅದನ್ನ ನಿಲ್ಲದೆ ಓಡೋಕೆ ನಂಗೆ ಹನ್ನೊಂದು ವಾರ ಬೇಕಾಯ್ತು. ಮಣ್ಣಿನ ದಾರಿ, ನೆರಳು, ಕೊಕ್ಕರೆಗಳು, ಆ ಕೆರೆ ಇರದಿದ್ರೆ ನಾನು ಓಡ್ತಾ ಇರ್ಲಿಲ್ಲ ಅಂತಾನೇ ಹೇಳ್ತೀನಿ. ಆಮೇಲೆ ವಾರಕ್ಕೆ ನಾಲ್ಕು ದಿನ, ಭಾನುವಾರ ಮಾತ್ರ ಉದ್ದ ಓಟ. ವಾರದಿಂದ ವಾರಕ್ಕೆ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಏರಿಸ್ಬಾರ್ದು ಅಂತ ಓಡೋರೆಲ್ಲ ಹೇಳ್ತಾರೆ, ಕಲ್ಲಲ್ಲಿ ಕೆತ್ತಿದ ನಿಯಮ ಏನಲ್ಲ ಆದ್ರೆ ಒಳ್ಳೆ ಲಗಾಮು. ಆಗಸ್ಟಲ್ಲಿ ನಾನು ಆ ಲಗಾಮು ಬಿಟ್ಟೆ, 18 ಓಡ್ಬೇಕಾದ ದಿನ ಉತ್ಸಾಹದಲ್ಲಿ 24 ಓಡಿದೆ, ಮೊಣಕಾಲ ಕೆಳಗೆ ಮುಂಭಾಗದ ಮೂಳೆ ನೋವು ಬಂದು ಮೂರು ವಾರ ಮನೇಲಿ ಕೂತೆ. ಆ ಮೂರು ವಾರದಲ್ಲಿ ಫಿಸಿಯೋ ಹೇಳಿಕೊಟ್ಟಿದ್ದನ್ನ ಇವತ್ತಿಗೂ ಮಾಡ್ತೀನಿ, ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸೋದು, ಬಸ್ಕಿ, ಒಂಟಿ ಕಾಲಲ್ಲಿ ನಿಲ್ಲೋದು. ಓಟಕ್ಕೆ ಕಾಲು ತಯಾರಾಗೋದು ಓಡದೆ ಇರೋ ದಿನಗಳಲ್ಲೇ.

ಹೆಣ್ಮಕ್ಕಳಿಗೆ ಒಂದು ಮಾತು, ಗಂಡಸರೂ ಕೇಳಿಸ್ಕೊಳ್ಳಿ ಮನೇಲಿ ಹೇಳೋಕಾಗುತ್ತೆ. ಶುರು ಮಾಡೋ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. ನಮ್ಮ ರಾಜ್ಯದಲ್ಲಿ ಹತ್ರ ಹತ್ರ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇನೇ ಹೇಳುತ್ತೆ. ನಂಗೂ ಇತ್ತು, ಗೊತ್ತೇ ಇರ್ಲಿಲ್ಲ, ಸುಸ್ತು ಅಂದ್ರೆ ಮನೆ ಕೆಲಸದ್ದು ಅಂದ್ಕೊಂಡಿದ್ದೆ. ಡಾಕ್ಟ್ರು ಕಬ್ಬಿಣದ ಮಾತ್ರೆ ಕೊಟ್ರು, ಊಟದ ಜೊತೆ ಕಾಫಿ ಕುಡೀಬೇಡಿ ಕಬ್ಬಿಣ ಮೈಗೆ ಹತ್ತಲ್ಲ, ಬದಲಿಗೆ ನಿಂಬೆಹಣ್ಣು ಹಿಂಡ್ಕೊಳ್ಳಿ ಅಂದ್ರು. ಎರಡು ತಿಂಗಳಲ್ಲಿ ಬೇರೆ ಮನುಷ್ಯಳೇ ಆದೆ.

ಈಗ 32ನೇ ಕಿಲೋಮೀಟರ್ ಬಗ್ಗೆ. ಅಲ್ಲಿ ಗೋಡೆ ಬರುತ್ತೆ, ಅಂದ್ರೆ ಮೈಯಲ್ಲಿ ಶಕ್ತಿ ಇದ್ದಕ್ಕಿದ್ದ ಹಾಗೆ ಬತ್ತಿ ಹೋಗುತ್ತೆ ಅಂತ ಓಡೋರೆಲ್ಲ ಹೆದರಿಸ್ತಾರೆ, ನಾನು ಕೆಮಿಸ್ಟ್ರಿಯೋಳು, ಲೆಕ್ಕ ಹಾಕಿ ನೋಡಿದೆ. ಸ್ನಾಯು ಮತ್ತು ಲಿವರಲ್ಲಿ ಗ್ಲೈಕೋಜೆನ್, ಅಂದ್ರೆ ಕೂಡಿಟ್ಟ ಸಕ್ಕರೆ ರೂಪದಲ್ಲಿ ನಾವು ಕೂಡಿಟ್ಕೊಳ್ಳೋದು ಸುಮಾರು 2,000 ಕ್ಯಾಲೊರಿ. ಓಡುವಾಗ ನಮ್ಮ ಒಂದು ಕೆಜಿ ತೂಕಕ್ಕೆ ಕಿಲೋಮೀಟರ್‌ಗೆ ಹೆಚ್ಚು ಕಮ್ಮಿ ಒಂದು ಕ್ಯಾಲೊರಿ ಖರ್ಚು. ನನ್ನ ತೂಕ 62. ಭಾಗಿಸಿ ನೋಡಿ, 32 ಕಿಲೋಮೀಟರ್‌ಗೆ ಕಣಜ ಖಾಲಿ! ಕೊಬ್ಬೂ ಉರಿಯುತ್ತೆ ಹಾಗಾಗಿ ಲೆಕ್ಕ ಇಷ್ಟು ನೇರ ಅಲ್ಲ, ಆದ್ರೆ ಗೋಡೆ ಅನ್ನೋದು ಮನಸ್ಸಿನ ದೌರ್ಬಲ್ಯ ಅಲ್ಲ ಅನ್ನೋದಂತೂ ಖಚಿತ, ದಾರೀಲಿ ತಿನ್ಬೇಕು ಅಷ್ಟೇ. ಪ್ರತಿ 40 ನಿಮಿಷಕ್ಕೆ ನಾನು ಖರ್ಜೂರ ಇಲ್ಲ ಅರ್ಧ ಬಾಳೆಹಣ್ಣು ಇಲ್ಲ ಒಂದು ಚೂರು ಕಡ್ಲೆಕಾಯಿ ಚಿಕ್ಕಿ ತಿಂತಿದ್ದೆ, ಅದನ್ನೂ ಭಾನುವಾರದ ಓಟಗಳಲ್ಲೇ ಹೊಟ್ಟೆಗೆ ಅಭ್ಯಾಸ ಮಾಡಿಸ್ಬೇಕು. ನೀರೂ ಅಷ್ಟೇ, ಬರೀ ನೀರನ್ನ ಅತಿಯಾಗಿ ಕುಡಿದ್ರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯ ಆಗುತ್ತೆ, ಬಾಯಾರಿದಷ್ಟು ಕುಡೀರಿ, ನಡುನಡುವೆ ಓಆರ್‌ಎಸ್ ತಗೊಳ್ಳಿ.

ಇನ್ನು ಕೇಳೋದು. ಮೊದಲ ತಿಂಗಳು ನಾನು ಮಾಡಿದ್ದೇನಂದ್ರೆ ವಾಟ್ಸಾಪ್ ಗ್ರೂಪುಗಳಿಗೆ ಒಂದೇ ಮೆಸೇಜ್ ಹಾಕಿದ್ದು. ಎಲ್ಲರೂ ಕೈಮುಗಿಯೋ ಚಿಹ್ನೆ ಹಾಕಿದ್ರು, ದುಡ್ಡು ಬಂದಿದ್ದು ಏಳು ಜನರಿಂದ. ಬೇಜಾರಾಯ್ತು, ಜನಕ್ಕೆ ಮನಸ್ಸಿಲ್ಲ ಅಂದ್ಕೊಂಡೆ, ಅದು ನನ್ನ ತಪ್ಪು ತಿಳುವಳಿಕೆ. ಗುಂಪಿಗೆ ಕೇಳಿದ್ರೆ ಯಾರನ್ನೂ ಕೇಳಿದ ಹಾಗಾಗಲ್ಲ. ಆಮೇಲೆ ದಿನಕ್ಕೆ ಮೂರೇ ಜನ, ಹೆಸರು ಹಿಡಿದು, ಫೋನ್ ಮಾಡಿ ಇಲ್ಲ ಎದುರಿಗೆ ಕೂತು, 422 ರೂಪಾಯಿ ಯಾಕೆ ಅಂತ ಎರಡು ನಿಮಿಷದಲ್ಲಿ ಹೇಳಿ ಸುಮ್ನಾಗ್ತಿದ್ದೆ. ಕೇಳಿದ್ಮೇಲೆ ಸುಮ್ನಿರೋದು ಇದೆಯಲ್ಲ, ಅದನ್ನ ಕಲಿಯೋಕೆ ನಂಗೆ ಒಂದು ತಿಂಗಳು ಬೇಕಾಯ್ತು. ನಾಲಿಗೆ ತುದೀಲಿ ಪರವಾಗಿಲ್ಲ ಬಿಡಿ ಆಮೇಲೆ ಕೊಡಿ ಅನ್ನೋ ಮಾತು ಬಂದು ನಿಂತಿರ್ತಿತ್ತು. ಇಲ್ಲ ಅಂದವರೂ ಇದ್ರು, ಅವರ ಕಷ್ಟ ಅವರಿಗೆ, ಅವರ ಜೊತೆ ಮಾತಾಡೋದು ಒಂದು ದಿನಾನೂ ಬಿಡ್ಲಿಲ್ಲ. ಇದೆಲ್ಲಾ ಬೇಕಾ ನಿಂಗೆ, ನಿಂಗೇನು ಸಿಗುತ್ತೆ ಅಂತ ಒಬ್ರು ಹಿರಿಯರು ಕೇಳಿದ್ರು. ನಾನು ಆ ವಾರ ಓಡಿದ ಕಿಲೋಮೀಟರ್ ಲೆಕ್ಕ ತೋರಿಸಿದೆ. ಅವರು ಸುಮ್ನೆ ಒಳಗೆ ಹೋಗಿ ಹಣ ತಂದ್ಕೊಟ್ರು. ಆಗ ನಂಗೆ ಅರ್ಥ ಆಗಿದ್ದು, ಬೆಳಗ್ಗೆ ಐದಕ್ಕೆ ಎದ್ದಿದ್ದೇ ನಂಗೆ ಕೇಳೋ ಹಕ್ಕು ಕೊಟ್ಟಿದ್ದು ಅಂತ.

ಕಾಗದ ಪತ್ರದ ವಿಷಯದಲ್ಲಿ ಹುಷಾರಾಗಿರಿ. ಹಣ ನಿಮ್ಮ ಅಕೌಂಟಿಗೆ ತರಿಸ್ಕೊಳ್ಳಲೇಬೇಡಿ, ಸೀದಾ ಸಂಸ್ಥೆ ಅಕೌಂಟಿಗೇ ಹೋಗ್ಲಿ. ಮುಂಬೈ ಓಟಕ್ಕೆ ಯುನೈಟೆಡ್ ವೇ ಮುಂಬೈ ಅನ್ನೋ ಸಂಸ್ಥೆ ದೇಣಿಗೆ ವ್ಯವಸ್ಥೆ ನೋಡ್ಕೊಳ್ಳುತ್ತೆ, ಅಲ್ಲಿ ನೋಂದಾಯಿಸಿದ ಸಂಸ್ಥೆಗಳಿಗೆ ಅದೇ ದಾರೀಲಿ ಕೊಡ್ಬಹುದು, ನನ್ನ ಟ್ರಸ್ಟ್ ಅದರಲ್ಲಿ ಇರ್ಲಿಲ್ಲ ಹಾಗಾಗಿ ನೇರವಾಗೇ ಮಾಡಿಸ್ದೆ. ದೇಣಿಗೆಗೆ ತೆರಿಗೆ ವಿನಾಯಿತಿಯ ನೋಂದಣಿ, ಅದೇ 80ಜಿ ಅಂತಾರಲ್ಲ, ಅದು ಇರೋ ಸಂಸ್ಥೆ ಆದ್ರೆ ಹಳೇ ತೆರಿಗೆ ಪದ್ಧತೀಲಿ ಇರೋರಿಗೆ ವಿನಾಯಿತಿ ಸಿಗುತ್ತೆ, ಆದ್ರೆ 2,000 ರೂಪಾಯಿಗಿಂತ ಜಾಸ್ತಿ ಕ್ಯಾಶ್ ಕೊಟ್ರೆ ಸಿಗಲ್ಲ. ಅಮೆರಿಕದಲ್ಲಿರೋ ನನ್ನ ದೊಡ್ಡಮ್ಮನ ಮಗ ದೊಡ್ಡ ಮೊತ್ತ ಕೊಡ್ತೀನಿ ಅಂದ, ಅವನು ಅಲ್ಲಿನ ಪೌರತ್ವ ತಗೊಂಡಿದಾನೆ, ವಿದೇಶಿ ಪಾಸ್‌ಪೋರ್ಟ್ ಇರೋರ ಹಣ ತಗೊಳ್ಳೋಕೆ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ಕಾನೂನಿನ ನೋಂದಣಿ ಬೇಕು, ಈ ಟ್ರಸ್ಟಿಗೆ ಅದು ಇರ್ಲಿಲ್ಲ, ತಗೊಳ್ಳೋಕಾಗ್ಲಿಲ್ಲ. ದುಬೈಯಲ್ಲಿರೋ ನನ್ನ ಹಳೇ ಸ್ಟೂಡೆಂಟು ಇನ್ನೂ ಭಾರತದ ಪಾಸ್‌ಪೋರ್ಟಲ್ಲೇ ಇದಾನೆ, ಅವನ ಸಂಪಾದನೆ ಬ್ಯಾಂಕ್ ಮೂಲಕ ಬಂದ್ರೆ ತೊಂದ್ರೆ ಇಲ್ಲ. ಇದನ್ನೆಲ್ಲ ಕೇಳೋಕೆ ಮುಂಚೇನೇ ತಿಳ್ಕೊಂಡಿರಿ, ಮನಸ್ಸು ಮಾಡಿದೋರಿಗೆ ಆಮೇಲೆ ಆಗಲ್ಲ ಅನ್ನೋದು ತುಂಬಾ ಸಂಕಟ.

ಓಟದ ದಿನ. ಮಾಟುಂಗದಲ್ಲಿ ಚಿಕ್ಕಮ್ಮನ ಮನೇಲಿ ಉಳ್ಕೊಂಡಿದ್ದೆ, ಹಿಂದಿನ ರಾತ್ರಿ ಮೊಸರನ್ನ ತಿಂದು ಬೇಗ ಮಲಗಿದ್ದೆ, ನಿದ್ದೆ ಬರ್ಲಿಲ್ಲ. ಬೆಳಗಿನ ಜಾವ ಕತ್ತಲಲ್ಲೇ ಸಿಎಸ್‌ಎಂಟಿ ರೈಲ್ವೆ ಸ್ಟೇಷನ್ ಹತ್ರದಿಂದ ಹೊರಟ್ವಿ, ಮರೀನ್ ಡ್ರೈವ್, ಹಾಜಿ ಅಲಿ, ವರ್ಲಿ, ಆಮೇಲೆ ಸಮುದ್ರದ ಮೇಲಿನ ಆ ದೊಡ್ಡ ಸೇತುವೆ. ಮೈಸೂರಿನ ಜನವರಿ ಚಳೀಲಿ ಪಳಗಿದ ಮೈಗೆ ಅಲ್ಲಿನ ಸೆಕೆ ಬೇರೇನೇ, ಹತ್ತು ಕಿಲೋಮೀಟರ್ ಆಗೋಷ್ಟರಲ್ಲಿ ಬಟ್ಟೆ ಹಿಂಡೋ ಹಾಗಾಗಿತ್ತು. ಕೊನೇ ಭಾಗದಲ್ಲಿ ವಾಪಸ್ ಬರುವಾಗ ಪೆಡ್ಡರ್ ರೋಡ್ ಏರು ಸಿಗುತ್ತೆ, ಎಲ್ಲರ ಕಾಲೂ ಸೋತಿರೋ ಹೊತ್ತು. ನಾನು ಚಾಮುಂಡಿ ಬೆಟ್ಟದ ರಸ್ತೇಲಿ ಹತ್ತಿ ಹತ್ತಿ ರೂಢಿ ಆಗಿದ್ದೋಳು, ತಲೆ ತಗ್ಗಿಸಿ ಸಣ್ಣ ಸಣ್ಣ ಹೆಜ್ಜೆ ಹಾಕಿದೆ. ರಸ್ತೆ ಬದೀಲಿ ಮನೆಗಳಿಂದ ಬಂದು ನಿಂತಿದ್ದ ಜನ, ಗುರುತು ಪರಿಚಯ ಇಲ್ಲ, ಕಿತ್ತಳೆ ತೊಳೆ ಬಿಡಿಸಿ ಕೈಗೆ ಕೊಡ್ತಿದ್ರು, ಒಬ್ಬ ಅಜ್ಜಿ ಉಪ್ಪು ಹಚ್ಚಿದ ಸೌತೆಕಾಯಿ ಇಟ್ಕೊಂಡು ನಿಂತಿದ್ರು. ಶರ್ಟಿನ ಬೆನ್ನಿಗೆ ನಾನು ಕೊಟ್ಟವರ ಹೆಸರು ಬರೆದು ಹೊಲಿಸ್ಕೊಂಡಿದ್ದೆ, ಹಿಂದೆ ಓಡ್ತಿದ್ದವರು ಓದ್ತಾ ಓದ್ತಾ ಬಂದ್ರು. 5 ಗಂಟೆ 48 ನಿಮಿಷಕ್ಕೆ ಮುಗಿಸ್ದೆ.

ನಾನೂರು ಜನ ಅಂದಿದ್ದೆ, 391 ಜನ ಕೊಟ್ರು, ಕೆಲವರು ಎರಡು ಮೂರು ದಿನದ್ದು ಕೊಟ್ಟಿದ್ರಿಂದ ಮೊತ್ತ ತುಂಬ್ತು. ಊರಿಗೆ ಬಂದ ಮೇಲೆ ಎರಡು ವಾರ ಕೂತು ಒಬ್ಬೊಬ್ಬರಿಗೂ ಅವರ ರಸೀದಿ, ಟ್ರಸ್ಟಿನ ತಿಂಗಳ ಲೆಕ್ಕ ಕಳಿಸ್ದೆ, ಇದನ್ನ ಮಾತ್ರ ಯಾರೂ ಬಿಡ್ಬೇಡಿ, ಮುಂದೆ ಕೇಳೋರಿಗೆ ದಾರಿ ತೆರೆದಿರೋದು ಇದರಿಂದ್ಲೇ. ಅದರಲ್ಲಿ ಹದಿಮೂರು ಜನ ಈಗ್ಲೂ ತಿಂಗಳಿಗೊಂದು ದಿನದ್ದು ಅಂತ 422 ಹಾಕ್ತಾನೇ ಇದಾರೆ. ತಮ್ಮನ ಮಗಳ ಔಷಧಿ ಮುಗಿದು ಸ್ಕೂಲಿಗೆ ಹೋಗ್ತಿದಾಳೆ, ಮೂರು ತಿಂಗಳಿಗೊಮ್ಮೆ ಚೆಕಪ್ ಇದೆ.

ಮುಂದಿನ ಭಾನುವಾರದಿಂದ ಕೆರೆ ಏರಿ ಹತ್ರ ಬೆಳಗ್ಗೆ ಆರಕ್ಕೆ ಹೊಸಬರ ಗುಂಪು ಶುರು ಮಾಡ್ತಿದೀವಿ, ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆ. ಶೂ ತಗೊಳ್ಳೋರು ಅರ್ಧ ಸೈಜ್ ದೊಡ್ಡದೇ ತಗೊಳ್ಳಿ, ಓಡ್ತಾ ಓಡ್ತಾ ಪಾದ ಊದುತ್ತೆ. ಬರುವಾಗ ಇಪ್ಪತ್ತು ಹೆಸರಿನ ಒಂದು ಪಟ್ಟೀನೂ ತನ್ನಿ, ಯಾರನ್ನ ಕೇಳ್ತೀರ ಅಂತ. ಈಗ ಪ್ರಶ್ನೆ ಇದ್ರೆ ಕೇಳಿ, ಹಿಂದೆ ಕೂತಿರೋ ಅಮ್ಮ ಆಗ್ಲಿಂದ ಕೈ ಎತ್ತಿದಾರೆ, ಅವರಿಗೆ ಮೊದಲು ಮೈಕ್ ಕೊಡಿ.