ಪ್ಯಾಕರ್ಸ್‌ಗೆ ಏನ್ ಬೇಕು, ಯಾವ ವರ್ಷಕ್ಕೆ ಬೇಕು?

ಎಲ್ರಿಗೂ ನಮಸ್ಕಾರ. ಪಿಟ್ಸ್‌ಬರ್ಗ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ 2026ರ ಡ್ರಾಫ್ಟ್ ಹತ್ರ ಬಂತು, ಗ್ರೀನ್ ಬೇ ಪ್ಯಾಕರ್ಸ್ ಫ್ಯಾನ್ಸ್ ನಾಲ್ಕು ಜನ ಎಲ್ಲಿ ಸೇರಿದ್ರೂ ಈಗ ಒಂದೇ ವಾದ, ಒಬ್ಬರು ಕಾರ್ನರ್‌ಬ್ಯಾಕ್ (ಪಾಸ್ ಹಿಡಿಯೋ ಎದುರಾಳಿನ ಕಾಯೋನು) ಬೇಕು ಅಂತಾರೆ, ಇನ್ನೊಬ್ಬರು ಡಿಫೆನ್ಸಿವ್ ಲೈನ್‌ಗೆ (ಎದುರಾಳಿನ ತಡೆಯೋ ಮುಂದಿನ ಸಾಲಿಗೆ) ಗಟ್ಟಿ ಆಳು ಬೇಕು ಅಂತಾರೆ. ಈ ವಾದ ನಂಗೆ ತುಂಬಾ ಇಷ್ಟ, ಆದ್ರೆ ಅದ್ರಲ್ಲಿ ಒಂದು ಪ್ರಶ್ನೆ ಯಾವಾಗ್ಲೂ ಬಿಟ್ಟುಹೋಗತ್ತೆ. ಬೇಕು ಸರಿ, ಯಾವ ವರ್ಷಕ್ಕೆ ಬೇಕು?

ಅಮೆರಿಕನ್ ಫುಟ್‌ಬಾಲ್ ನೋಡದೇ ಇರೋರಿಗೆ ಎರಡು ಮಾತು. ಐಪಿಎಲ್ ಹರಾಜಿನ ಥರ ಇಲ್ಲಿ ದುಡ್ಡು ಕೂಗೋದಿಲ್ಲ. ಕಾಲೇಜಲ್ಲಿ ಆಡಿ ಬಂದ ಹುಡುಗರನ್ನ 32 ಟೀಮ್‌ಗಳು ಸರದಿ ಪ್ರಕಾರ ಆರಿಸ್ಕೊಳ್ತವೆ, ಒಟ್ಟು ಏಳು ರೌಂಡ್, ಹಿಂದಿನ ಸೀಸನ್‌ನಲ್ಲಿ ತೀರಾ ಕೆಳಗಿದ್ದ ಟೀಮ್‌ಗೆ ಮೊದಲ ಸರದಿ. ಡ್ರಾಫ್ಟ್ ಅನ್ನೋದು ಇದೇ, 1936ರಿಂದ ನಡೀತಿದೆ. ಬೇಕಾದ್ರೆ ತಮ್ಮ ಸರದಿ ಬೇರೆ ಟೀಮ್‌ಗೆ ಕೊಟ್ಟು ಬದಲಿಗೆ ಇನ್ನೇನೋ ತಗೋಬಹುದು. ಪ್ಯಾಕರ್ಸ್‌ಗೆ ಮಾತ್ರ ಒಬ್ಬ ಶ್ರೀಮಂತ ಮಾಲೀಕ ಅಂತ ಇಲ್ಲ, ಐದು ಲಕ್ಷಕ್ಕಿಂತ ಜಾಸ್ತಿ ಷೇರುದಾರರಿದ್ದಾರೆ, ಆ ಷೇರಿಗೆ ಒಂದು ಪೈಸೆ ಲಾಭಾಂಶ ಬರಲ್ಲ, ಆದ್ರೂ ಜನ ಕೊಂಡ್ಕೊಂಡು ಗೋಡೆಗೆ ಫ್ರೇಮ್ ಹಾಕ್ಸಿ ಇಟ್ಕೊಂಡಿದ್ದಾರೆ. ಅಂಥವರು "ನಮ್ಮ ಟೀಮ್‌ಗೆ ಇದು ಬೇಕು" ಅಂದಾಗ ಆ "ನಮ್ಮ" ಅನ್ನೋದು ನಿಜವಾಗ್ಲೂ ನಮ್ಮದೇ.

ಮೊದಲು 2017 ನೋಡಿ. ಆ ಜನವರಿಲಿ ಅಟ್ಲಾಂಟಾ ಫಾಲ್ಕನ್ಸ್ ನಮ್ಮನ್ನ 44-21ರಲ್ಲಿ ಸೋಲಿಸ್ತು, ಅವರ ಜೂಲಿಯೋ ಜೋನ್ಸ್ ಒಬ್ಬನೇ ಪಾಸ್ ಹಿಡಿದು 180 ಗಜ ಹೊಡೆದ, ನಮ್ಮ ಕಾರ್ನರ್‌ಬ್ಯಾಕ್‌ಗಳು ಅವನ ಹಿಂದೆ ಓಡಿದ್ದೇ ಬಂತು. ಎಲ್ರೂ ಕಾರ್ನರ್‌ಬ್ಯಾಕ್ ಬೇಕು ಅಂದ್ರು, ಟೀಮ್ ಕೂಡ ಹಾಗೇ ಅಂದ್ಕೊಳ್ತು, 29ನೇ ಸರದಿ ಕ್ಲೀವ್‌ಲ್ಯಾಂಡ್‌ಗೆ ಕೊಟ್ಟು ಹಿಂದೆ ಸರಿದು 33ರಲ್ಲಿ ಕೆವಿನ್ ಕಿಂಗ್‌ನ ತಗೊಳ್ತು. ಮಧ್ಯದಲ್ಲಿ 30ರಲ್ಲಿ ಪಿಟ್ಸ್‌ಬರ್ಗ್ ಯಾರನ್ನ ಎತ್ಕೊಂಡು ಹೋಯ್ತು ಗೊತ್ತಾ, ಟಿ.ಜೆ. ವಾಟ್! ವಿಸ್ಕಾನ್ಸಿನ್ ಹುಡುಗ, ವಿಸ್ಕಾನ್ಸಿನ್ ಯೂನಿವರ್ಸಿಟಿಲೇ ಆಡಿದವನು, 2021ರಲ್ಲಿ 22.5 ಸ್ಯಾಕ್ (ಪಾಸ್ ಎಸೆಯೋನನ್ನ ಎಸೆಯೋ ಮುಂಚೆನೇ ಕೆಡವೋದು) ಮಾಡಿ ಲೀಗ್ ದಾಖಲೆ ಸರಿಗಟ್ಟಿದ. ಕಿಂಗ್ ವಿಷ್ಯ ಈಗ ಬರತ್ತೆ.

ನಾನು ಹೇಳ್ಬೇಕು ಅಂತಿರೋದು ಜಾಸ್ತಿ ಇರೋದು 2020ರಲ್ಲಿ. 2019ರ ಸೀಸನ್ ಪೂರ್ತಿ ಡವಾಂಟೆ ಆಡಮ್ಸ್ 83 ಕ್ಯಾಚ್ ಹಿಡಿದ್ರೆ ನಂತರದ ವೈಡ್ ರಿಸೀವರ್ (ಪಾಸ್ ಹಿಡಿಯೋನು) ಅಲನ್ ಲಜಾರ್ಡ್ ಹಿಡಿದಿದ್ದು 35. ನಮ್ಮ ಕ್ವಾರ್ಟರ್‌ಬ್ಯಾಕ್, ಅಂದ್ರೆ ಪಾಸ್ ಎಸೆಯೋ ಆರನ್ ರಾಜರ್ಸ್‌ಗೆ ವಯಸ್ಸು 36, ಇನ್ನೆಷ್ಟು ವರ್ಷ ಆಡ್ತಾನೋ, ಅದಕ್ಕೇ ಫ್ಯಾನ್ಸ್ ಎಲ್ಲಾ ರಿಸೀವರ್ ರಿಸೀವರ್ ಅಂತ ಜಪ ಮಾಡ್ತಿದ್ರು. ಇನ್ನೊಂದು ಗುಂಪು, ಇಲ್ಲ ರೀ, ಸ್ಯಾನ್ ಫ್ರಾನ್ಸಿಸ್ಕೋ ನಮ್ಮ ಮೇಲೆ ಒಂದೇ ಮ್ಯಾಚಲ್ಲಿ 285 ಗಜ ಓಡಿದೆ, ಅದನ್ನ ಮೊದಲು ತಡೀರಿ ಅಂತಿತ್ತು. ಎರಡೂ ನ್ಯಾಯವಾದ ಮಾತೇ. ಜನರಲ್ ಮ್ಯಾನೇಜರ್ ಬ್ರಯಾನ್ ಗುಟೆಕುನ್ಸ್ಟ್ ಮಾಡಿದ್ದು ಇವೆರಡೂ ಅಲ್ಲ. 30ರಿಂದ 26ಕ್ಕೆ ಮೇಲೆ ಹೋಗಿ ಯೂಟಾ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್‌ನ ತಗೊಂಡ್ರು. ಫ್ಯಾನ್ಸ್ ಕೊತಕೊತ ಕುದ್ದು ಹೋದ್ರು.

ಈಗ ತಿರುಗಿ ನೋಡಿದ್ರೆ ಫ್ಯಾನ್ಸ್, ಗುಟೆಕುನ್ಸ್ಟ್ ಇಬ್ರೂ ಸರಿ. ರಾಜರ್ಸ್ 2020, 2021 ಎರಡೂ ವರ್ಷ ಎಂವಿಪಿ (ಲೀಗ್‌ನ ಅತ್ಯುತ್ತಮ ಆಟಗಾರ) ಆದ, ಟೀಮ್ ಎರಡೂ ವರ್ಷ 13 ಮ್ಯಾಚ್ ಗೆಲ್ತು, ಆಮೇಲೆ ಪ್ಲೇಆಫ್‌ನಲ್ಲಿ ಲ್ಯಾಂಬೋದಲ್ಲೇ, ನಮ್ಮ ಮನೆ ಅಂಗಳದಲ್ಲೇ ಸೋಲ್ತು. ಟ್ಯಾಂಪಾ ಬೇ ಮೇಲೆ 31-26, ಅದ್ರಲ್ಲಿ ಹಾಫ್‌ಟೈಮ್‌ಗೆ ಮುಂಚೆ ದೊಡ್ಡ ಟಚ್‌ಡೌನ್ (ಚೆಂಡನ್ನ ಕೊನೆ ಗೆರೆ ದಾಟಿಸೋ ಸ್ಕೋರ್) ಬಿಟ್ಟುಕೊಟ್ಟಿದ್ದು ಇದೇ ಕೆವಿನ್ ಕಿಂಗ್. ಮುಂದಿನ ವರ್ಷ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ 13-10. ಆ ರಾತ್ರಿ ಪಾಸ್‌ಗಳು ಹೆಚ್ಚುಕಡಿಮೆ ಎಲ್ಲಾ ಆಡಮ್ಸ್ ಮತ್ತೆ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡೋನು) ಆರನ್ ಜೋನ್ಸ್ ಇಬ್ಬರ ಕೈಗೇ ಹೋದ್ವು, ಮೂರನೇ ಕೈ ಅಂತ ಇರಲೇ ಇಲ್ಲ. ಫ್ಯಾನ್ಸ್ ಎರಡು ವರ್ಷ ಮುಂಚೆನೇ ಹೇಳಿದ್ದು ಇದನ್ನೇ ಅಲ್ವಾ.

ಅದೇ 2023ಕ್ಕೆ ಬನ್ನಿ, ರಾಜರ್ಸ್ ನ್ಯೂಯಾರ್ಕ್ ಜೆಟ್ಸ್‌ಗೆ ಹೋಗಾಯ್ತು, ಮೂರು ವರ್ಷ ಬೆಂಚಲ್ಲಿ ಕೂತು ಕಲಿತ ಲವ್ 32 ಟಚ್‌ಡೌನ್ ಪಾಸ್ ಎಸೆದ, ಪ್ಲೇಆಫ್‌ನಲ್ಲಿ ಡಲ್ಲಾಸ್‌ಗೆ ಹೋಗಿ 48-32ರಲ್ಲಿ ಗೆಲ್ಲಿಸಿದ. ಬೇರೆ ಟೀಮ್‌ಗಳು ಹತ್ತು ಹದಿನೈದು ವರ್ಷ ಕ್ವಾರ್ಟರ್‌ಬ್ಯಾಕ್ ಹುಡುಕ್ತಾ ಇರ್ತವೆ, ನಮಗೆ ಒಂದು ವರ್ಷನೂ ಖಾಲಿ ಹೋಗ್ಲಿಲ್ಲ. 2005ರಲ್ಲಿ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ ಇರೋವಾಗ್ಲೇ ರಾಜರ್ಸ್‌ನ ತಗೊಂಡಾಗ್ಲೂ ಇದೇ ಲೆಕ್ಕ. ಅಂದ್ರೆ ಫ್ಯಾನ್ಸ್ ಕೇಳಿದ್ದು ಈ ಸೆಪ್ಟೆಂಬರ್‌ಗೆ ಏನ್ ಬೇಕು ಅಂತ, ಗುಟೆಕುನ್ಸ್ಟ್ ಕೇಳಿದ್ದು ಮೂರು ವರ್ಷ ಆದ್ಮೇಲೆ ಏನ್ ಬೇಕು ಅಂತ. ಲವ್‌ನ ತಗೊಂಡಿದ್ದಕ್ಕೆ ನನ್ನ ತಕರಾರಿಲ್ಲ. ಆದ್ರೆ ಆ ವರ್ಷ ಆರಿಸಿದ ಒಂಬತ್ತು ಜನರಲ್ಲಿ ಒಬ್ಬನೇ ಒಬ್ಬ ವೈಡ್ ರಿಸೀವರ್ ಇರಲಿಲ್ಲ, ಅದನ್ನ ಮಾತ್ರ ನಾನು ಇವತ್ತಿಗೂ ಒಪ್ಪಲ್ಲ, ಉಳಿದ ಎಂಟರಲ್ಲಿ ಒಂದು ಆ ವರ್ಷಕ್ಕೆ ಕೊಡಬಹುದಿತ್ತು.

ಹಾಗಂತ ಪ್ಯಾಕರ್ಸ್‌ಗೆ ರಿಸೀವರ್ ಆರಿಸೋಕೆ ಬರಲ್ಲ ಅಂತಲ್ಲ. ಜೆನ್ನಿಂಗ್ಸ್, ಜಾರ್ಡಿ ನೆಲ್ಸನ್, ಕಾಬ್, ಆಡಮ್ಸ್ ನಾಲ್ವರೂ ಎರಡ್ನೇ ರೌಂಡಲ್ಲಿ ಸಿಕ್ಕ ಮುತ್ತುಗಳು. ಮೊದಲ ರೌಂಡಲ್ಲಿ ಮಾತ್ರ 2002ರ ಜಾವನ್ ವಾಕರ್ ಆದ್ಮೇಲೆ ಯಾರೂ ಇಲ್ಲ. ಕೊನೆಗೆ 2025ರಲ್ಲಿ ಡ್ರಾಫ್ಟ್ ಗ್ರೀನ್ ಬೇಗೇ ಬಂದಾಗ 23ನೇ ಸರದಿಗೆ ಟೆಕ್ಸಸ್‌ನ ಮ್ಯಾಥ್ಯೂ ಗೋಲ್ಡನ್ ಹೆಸರು ಕೂಗಿದ್ರು, ಆ ಊರಿನ ಜನಸಂಖ್ಯೆ ಒಂದು ಲಕ್ಷದ ಚಿಲ್ಲರೆ, ಅವತ್ತು ಅದಕ್ಕಿಂತ ಜಾಸ್ತಿ ಜನ ಸೇರಿದ್ರು, ಹೋ ಅಂತ ಎದ್ದ ಆ ಕೂಗು 23 ವರ್ಷದ್ದು.

ಈ ಸಲ ನಮಗೆ ಮೊದಲ ರೌಂಡೇ ಇಲ್ಲ. 2025ರ ಆಗಸ್ಟ್‌ನಲ್ಲಿ ಮೈಕಾ ಪಾರ್ಸನ್ಸ್‌ಗೋಸ್ಕರ 2026, 2027 ಎರಡರ ಮೊದಲ ಸರದಿನೂ ಡಲ್ಲಾಸ್‌ಗೆ ಕೊಟ್ಟಿದ್ದೀವಿ, ಜೊತೆಗೆ ನಮ್ಮ ಡಿಫೆನ್ಸಿವ್ ಲೈನ್‌ನ ಕೆನ್ನಿ ಕ್ಲಾರ್ಕ್‌ನೂ. ಕ್ಲಾರ್ಕ್ ಹೋಗಿದ್ದಕ್ಕೇ ಲೈನ್ ಮಧ್ಯ ತೂತಾಗಿದೆ ಅನ್ನೋರ ಮಾತು ಸುಳ್ಳಲ್ಲ. ಆದ್ರೂ ನನ್ನ ಓಟು ಕಾರ್ನರ್‌ಬ್ಯಾಕ್‌ಗೆ. ನಮ್ಮ ಕಾರ್ನರ್‌ಬ್ಯಾಕ್ ಜೈರ್ ಅಲೆಕ್ಸಾಂಡರ್‌ನ 2025ರ ಜೂನ್‌ನಲ್ಲೇ ಬಿಟ್ಟಾಯ್ತು, ಲೈನ್‌ಗೆ ಅನುಭವ ಇರೋ ಆಳನ್ನ ಒಂದೆರಡು ವರ್ಷಕ್ಕೆ ಅಂತ ಹೊರಗಿಂದ ತರಬಹುದು, ಆದ್ರೆ ಕಾರ್ನರ್‌ಬ್ಯಾಕ್ ಹುಡುಗ ಪಳಗೋಕೆ ಟೈಮ್ ಬೇಕು, 2027ರಲ್ಲೂ ಮೊದಲ ರೌಂಡ್ ಇಲ್ಲ ಅಂದ್ಮೇಲೆ ಅವನನ್ನ ಈಗ್ಲೇ ತರಬೇಕು. ಡಿಫೆನ್ಸಿವ್ ಲೈನ್ ಅನ್ನೋರು ಕೈ ಎತ್ತಿ, ಮೈಕ್ ನಿಮ್ಮ ಹತ್ರ ಬರತ್ತೆ.