ಬಕೆಟ್ಟಿನ ನೇರ ಮೇಲಿರುವ ಹೆಂಚು

ನಮಸ್ಕಾರ. ಶಿವಮೊಗ್ಗದಲ್ಲಿ ಮಳೆ ಹಿಡಿದು ನಾಲ್ಕು ದಿನವಾಯಿತು. ನನ್ನ ಮಾತಿನ ಹಿಂದೆ ಹೆಂಚಿನ ಮೇಲೆ ನೀರು ಬೀಳುವ ಸದ್ದು ಕೇಳಿಸಿದರೆ ದಯವಿಟ್ಟು ಸಹಿಸಿಕೊಳ್ಳಬೇಕು. ಇಂದಿನ ವಿಷಯವನ್ನು ಆ ಹೆಂಚಿನಿಂದಲೇ ಆರಂಭಿಸುತ್ತೇನೆ. ಹೆಂಚಿನ ಮನೆಯಲ್ಲಿ ಬೆಳೆದವರಿಗೆಲ್ಲ ತಿಳಿದಿರುವಂತೆ, ನಡುಮನೆಯಲ್ಲಿ ನೀರು ತೊಟ್ಟಿಕ್ಕುವ ಜಾಗದ ನೇರ ಮೇಲೆಯೇ ಒಡೆದ ಹೆಂಚು ಇರುವುದು ಅಪರೂಪ. ನೀರು ಎಲ್ಲೋ ಮೇಲುಗಡೆ ಒಳಗಿಳಿದು, ರೀಪಿಗೆ ತಾಗಿ, ಪಕಾಸಿಯ ಗುಂಟ ನಾಲ್ಕಾರು ಅಡಿ ಹರಿದು ಬಂದು, ಅನುಕೂಲವಾದಲ್ಲಿ ಕೆಳಗೆ ಬೀಳುತ್ತದೆ. ಬಿದ್ದಲ್ಲಿ ಬಕೆಟ್ ಇಡುವುದು ಸರಿಯೇ. ಇಡದಿದ್ದರೆ ಹಾಸಿಗೆ ನೆನೆಯುತ್ತದೆ. ಆದರೆ ಬಕೆಟ್ಟಿನ ನೇರ ಮೇಲಿರುವ ಹೆಂಚನ್ನು ಬದಲಾಯಿಸಿ ಇಳಿದು ಬಂದವರು ಮರುದಿನ ಮತ್ತೆ ಏಣಿ ಹಾಕಬೇಕಾಗುತ್ತದೆ.

ಮನೆಯಲ್ಲಿ ಇಷ್ಟು ಚೆನ್ನಾಗಿ ಗೊತ್ತಿರುವ ಈ ಸಂಗತಿಯನ್ನು ನಾವು ಕೆಲಸದ ಜಾಗಕ್ಕೆ ಹೋದ ಕೂಡಲೇ ಏಕೆ ಮರೆಯುತ್ತೇವೆ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡಿರುವ ಪ್ರಶ್ನೆ. ನಾನು ಎರಕದ ಕಾರ್ಖಾನೆಗಳ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡಿದವನು. ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಕಬ್ಬಿಣ ಕರಗಿಸುವ ಕಸುಬು ಹೊಸದೇನಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ, ಮಲೆನಾಡಿನ ಕಾಡಿನ ಇದ್ದಿಲನ್ನೇ ಉರಿಸಿ ಉತ್ಪಾದನೆ ಆರಂಭಿಸಿತು. ಇಂದು ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ಎರಕ ಹೊಯ್ಯುವ ಫೌಂಡ್ರಿಗಳಿವೆ. ಅಂಥ ಕಡೆ ಕೆಲಸ ಮಾಡಿದ ಯಾರಿಗಾದರೂ ‘ಏಯ್ಟ್ ಡಿ’ ಎಂಬ ಎರಡು ಶಬ್ದ ಕೇಳಿದರೆ ಸಣ್ಣದೊಂದು ತಲೆನೋವು ಬರುತ್ತದೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಫೋರ್ಡ್ ಕಂಪನಿ 1987ರಲ್ಲಿ ಕೈಪಿಡಿಯ ರೂಪದಲ್ಲಿ ಹೊರತಂದ, ಸಮಸ್ಯೆಯನ್ನು ಎಂಟು ಹೆಜ್ಜೆಗಳಲ್ಲಿ ಬಿಡಿಸುವ ಕ್ರಮ ಅದು. ಮೊದಲು ತಂಡ ಕಟ್ಟಬೇಕು, ಸಮಸ್ಯೆ ಏನೆಂದು ವಿವರಿಸಬೇಕು, ಸದ್ಯಕ್ಕೆ ಗ್ರಾಹಕನಿಗೆ ತೊಂದರೆಯಾಗದಂತೆ ತಡೆಯಬೇಕು (ಅದು ನಮ್ಮ ಬಕೆಟ್), ಮೂಲ ಕಾರಣ ಹುಡುಕಬೇಕು, ಪರಿಹಾರವನ್ನು ಆರಿಸಬೇಕು, ಜಾರಿಗೆ ತರಬೇಕು, ಮತ್ತೆ ಬರದಂತೆ ವ್ಯವಸ್ಥೆಯನ್ನೇ ಬದಲಾಯಿಸಬೇಕು, ಕೊನೆಗೆ ತಂಡದವರಿಗೆ ಕೃತಜ್ಞತೆ ಹೇಳಬೇಕು. ಇದಕ್ಕೂ ಹಿಂದಿನಿಂದ ಜಪಾನಿನ ಇಶಿಕಾವಾ ಅವರ, ಕಾರಣಗಳನ್ನು ಕವಲು ಕವಲಾಗಿ ಬರೆಯುವ ಮೀನಿನ ಮುಳ್ಳಿನ ಚಿತ್ರವಿದೆ, ಟೊಯೋಟಾದ ತೈಚಿ ಓನೋ ಅವರು ಪ್ರಸಿದ್ಧಗೊಳಿಸಿದ, ಪ್ರತಿ ಉತ್ತರಕ್ಕೂ ಮತ್ತೆ ‘ಏಕೆ’ ಎಂದು ಕೇಳುತ್ತ ಹೋಗುವ ಐದು ‘ಏಕೆ’ಗಳ ಕ್ರಮವಿದೆ. ಹೆಸರು ಬೇರೆ ಬೇರೆಯಾದರೂ ಒಳಗಿನ ತಿರುಳು ಒಂದೇ: ಕಂಡದ್ದನ್ನು ಬರೆ, ಊಹಿಸಿದ್ದನ್ನು ಪರೀಕ್ಷಿಸು, ಅಲ್ಲಿಯವರೆಗೆ ಕೈ ಹಾಕಬೇಡ.

ಈ ಕ್ರಮಗಳನ್ನು ಕುರಿತು ನನಗೆ ಗೌರವವಿದೆ. ನನ್ನ ಆಕ್ಷೇಪವಿರುವುದು ನಾವು ಅವುಗಳನ್ನು ಹಿಂದಿನಿಂದ ಮುಂದಕ್ಕೆ ತುಂಬುತ್ತೇವೆ ಎಂಬುದಕ್ಕೆ. ಕಾರಣ ಯಾರು ಎಂದು ಮೊದಲೇ ತೀರ್ಮಾನಿಸಿ, ಆ ತೀರ್ಮಾನಕ್ಕೆ ಒಪ್ಪುವ ವಿವರಣೆಯನ್ನು ಎರಡನೆಯ ಹೆಜ್ಜೆಯ ಚೌಕದಲ್ಲಿ ಬರೆಯುತ್ತೇವೆ. ನಾನು ಓದಿದ ಏಯ್ಟ್ ಡಿ ವರದಿಗಳಲ್ಲಿ ಎಷ್ಟೋ ವರದಿಗಳ ಮೂಲ ಕಾರಣದ ಚೌಕದಲ್ಲಿ ‘ಆಪರೇಟರ್ ನಿರ್ಲಕ್ಷ್ಯ’ ಎಂದೂ, ಪರಿಹಾರದ ಚೌಕದಲ್ಲಿ ‘ಆಪರೇಟರ್‌ಗೆ ತರಬೇತಿ ನೀಡಲಾಗಿದೆ’ ಎಂದೂ ಇರುತ್ತಿತ್ತು. ಹಳೆಯ ಫೈಲಿನಿಂದ ನಕಲಿಸಿ ದಿನಾಂಕ ಮಾತ್ರ ತಿದ್ದಿದರೆ ಸಾಕಾಗುವಂಥ ವರದಿಗಳು ಅವು.

ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಂಪನಿಯ ಹೆಸರು ಬೇಡ. ನಮ್ಮಲ್ಲಿ ಟ್ರ್ಯಾಕ್ಟರಿಗೆ ಹೋಗುವ, ಒಳಗೆ ಟೊಳ್ಳಿರುವ ಒಂದು ಹೌಸಿಂಗ್, ಎಂದರೆ ಹೊರಕವಚ, ಎರಕವಾಗುತ್ತಿತ್ತು. ಹೊರಗಿನ ಆಕಾರವನ್ನು ಮರಳಿನ ಅಚ್ಚು ಕೊಡುತ್ತದೆ. ಒಳಗಿನ ಟೊಳ್ಳಿಗಾಗಿ, ಅಂಟು ಬೆರೆಸಿದ ಮರಳಿನಿಂದ ಬೇರೆಯೇ ಒಂದು ತುಂಡು ಮಾಡಿ ಅಚ್ಚಿನೊಳಗೆ ಕೂರಿಸುತ್ತಾರೆ, ಅದನ್ನು ಕೋರ್ ಎನ್ನುತ್ತಾರೆ. ಜೂನ್ ತಿಂಗಳ ಎರಡನೆಯ ವಾರ ಗ್ರಾಹಕರಿಂದ ಕಂಪ್ಲೇಂಟ್ ಬಂತು: ಮಷಿನಿಂಗ್ ಮಾಡಿದಾಗ ಒಳಮೈಯಲ್ಲಿ ಗಾಳಿಗುಳ್ಳೆಗಳು ಕಾಣಿಸುತ್ತಿವೆ. ಸಂಜೆಯೊಳಗೆ ಮೀಟಿಂಗ್ ಸೇರಿತು, ಏಸಿ ಕೋಣೆಯಲ್ಲಿ ಐದು ‘ಏಕೆ’ಗಳೂ ಮುಗಿದವು. ಗುಳ್ಳೆ ಏಕೆ ಬಂತು? ಅನಿಲ ಹೊರಗೆ ಹೋಗಲಿಲ್ಲ. ಏಕೆ ಹೋಗಲಿಲ್ಲ? ಅಚ್ಚಿಗೆ ವೆಂಟ್, ಎಂದರೆ ಅನಿಲ ಹೋಗುವ ತೂತು, ಸರಿಯಾಗಿ ಚುಚ್ಚಿಲ್ಲ. ಏಕೆ ಚುಚ್ಚಿಲ್ಲ? ಅಚ್ಚು ಮಾಡುವ ಮೋಲ್ಡರ್ ಗಮನ ಕೊಟ್ಟಿಲ್ಲ. ಏಕೆ? ತರಬೇತಿ ಸಾಲದು. ಅದೇಕೆ? ತರಬೇತಿಯ ವೇಳಾಪಟ್ಟಿ ಪಾಲಿಸಿಲ್ಲ. ಪ್ರತಿಯೊಂದು ಉತ್ತರವೂ ನಂಬುವಂತೆಯೇ ಇತ್ತು. ಆದರೆ ಅವುಗಳಲ್ಲಿ ಒಂದನ್ನಾದರೂ ಯಾರಾದರೂ ಕೆಳಗೆ ಹೋಗಿ ನೋಡಿ ಬಂದಿರಲಿಲ್ಲ. ಮೊದಲ ಶಿಫ್ಟಿನ ಮೋಲ್ಡರ್ ಒಬ್ಬರ ಹೆಸರು ವರದಿಗೆ ಸೇರಿತು. ವರದಿಯನ್ನು ಟೈಪ್ ಮಾಡಿದವನು ನಾನೇ.

ಮುಂದಿನ ವಾರ ಶಿಫ್ಟ್ ಬದಲಾಗಿ ಆ ಮೋಲ್ಡರ್ ಎರಡನೆಯ ಶಿಫ್ಟಿಗೆ ಹೋದರು. ಗುಳ್ಳೆಗಳು ಮಾತ್ರ ಅವರ ಜೊತೆ ಹೋಗದೆ ಮೊದಲ ಶಿಫ್ಟಿನಲ್ಲೇ ಉಳಿದವು.

ಎರಡನೆಯ ಸಲ ಕಂಪ್ಲೇಂಟ್ ಬಂದಾಗ ನಾವು ವಿವರಣೆಯ ಹೆಜ್ಜೆಯನ್ನು ಅದು ಬೇಡುವಷ್ಟು ಸಮಯ ಕೊಟ್ಟು ಮಾಡಿದೆವು. ಕೆಪ್ನರ್ ಮತ್ತು ಟ್ರೆಗೊ ಎಂಬ ಅಮೆರಿಕದ ಇಬ್ಬರು ಬಳಕೆಗೆ ತಂದ ಒಂದು ಸರಳ ಪಟ್ಟಿಯಿದೆ: ಒಂದು ಕಡೆ ತೊಂದರೆ ಎಲ್ಲಿ, ಯಾವಾಗ, ಯಾವುದರಲ್ಲಿ ಇದೆ ಎಂದು ಬರೆಯಬೇಕು, ಇನ್ನೊಂದು ಕಡೆ, ಇರಬಹುದಾಗಿದ್ದರೂ ಎಲ್ಲಿ, ಯಾವಾಗ, ಯಾವುದರಲ್ಲಿ ಇಲ್ಲ ಎಂದು ಬರೆಯಬೇಕು. ನನ್ನ ಅನುಭವದಲ್ಲಿ ‘ಇಲ್ಲ’ ಎಂಬ ಎರಡನೆಯ ಕಾಲಮ್ಮಿಗೆ ಇರುವ ಶಕ್ತಿ ಬೇರೆ ಯಾವ ಚಿತ್ರಕ್ಕೂ ಇಲ್ಲ. ರಿಜೆಕ್ಟ್ ಆದ ಹೌಸಿಂಗುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು, ಅವುಗಳ ಮೇಲಿದ್ದ ಹೀಟ್ ನಂಬರನ್ನು (ಯಾವ ಸಲ ಕರಗಿಸಿದ ಕಬ್ಬಿಣ ಎಂದು ತಿಳಿಸುವ ಗುರುತು) ಲಾಗ್ ಪುಸ್ತಕದೊಂದಿಗೆ ತಾಳೆ ನೋಡಿದೆವು. ಹೆಚ್ಚು ಕಡಿಮೆ ಎಲ್ಲವೂ ಬೆಳಗಿನ ಆರರಿಂದ ಏಳೂವರೆಯ ಒಳಗೆ ಹೊಯ್ದವು. ಅದೇ ಲೈನಿನಲ್ಲಿ, ಅದೇ ಮರಳಿನಲ್ಲಿ, ಅದೇ ಕೈಗಳಿಂದ ಅದೇ ಹೊತ್ತಿಗೆ ತಯಾರಾದ, ಆದರೆ ಕೋರ್ ಇಲ್ಲದ ಇನ್ನೊಂದು ಭಾಗದಲ್ಲಿ ಒಂದೂ ಗುಳ್ಳೆಯಿಲ್ಲ. ಈ ಒಂದು ‘ಇಲ್ಲ’ದ ಮುಂದೆ ಅಚ್ಚಿನ ಮರಳೂ ಮೋಲ್ಡರ್‌ನ ನಿರ್ಲಕ್ಷ್ಯವೂ ನಿಲ್ಲಲಿಲ್ಲ. ಉಳಿದದ್ದು ಕೋರ್, ಅದೂ ಬೆಳಗಿನ ಹೊತ್ತಿನ ಕೋರ್.

ಬೆಳಗ್ಗೆ ಐದೂಮುಕ್ಕಾಲಿಗೆ ಹೋಗಿ ಕೋರ್ ಶಾಪಿನಲ್ಲಿ ನಿಂತೆವು. ರಾತ್ರಿ ಮಾಡಿಟ್ಟ ಕೋರುಗಳ ರ‍್ಯಾಕ್ ಶಟರಿನ ಪಕ್ಕದಲ್ಲಿತ್ತು. ಶಟರ್ ಪೂರ್ತಿ ಕೆಳಗಿಳಿಯದೆ ಒಂದು ಮೊಳ ಬಾಯಿ ತೆರೆದೇ ಇತ್ತು. ಎರಚಲು ಒಳಗೆ ಬರುತ್ತಿತ್ತು. ಕೆಳಗಿನ ಸಾಲಿನ ಕೋರನ್ನು ಮುಟ್ಟಿದರೆ, ಥಂಡಿಗೆ ಮೆತ್ತಗಾದ ಹಪ್ಪಳವನ್ನು ಮುಟ್ಟಿದಂತೆ ಒಂದು ಬಗೆಯ ತಣ್ಣನೆಯ ಪಸೆ ಬೆರಳಿಗೆ ತಿಳಿಯುತ್ತಿತ್ತು. ತೇವ ಹೀರಿದ ಆ ಕೋರಿನ ಸುತ್ತ ಸುಮಾರು 1,400 ಡಿಗ್ರಿ ಸೆಲ್ಸಿಯಸ್‌ನ ಕರಗಿದ ಕಬ್ಬಿಣ ಬಂದು ನಿಂತಾಗ ನೀರು ಆವಿಯಾಗಿ, ಹೋಗಲು ದಾರಿಯಿಲ್ಲದೆ ಲೋಹದೊಳಗೆ ಗುಳ್ಳೆಯಾಗಿ ಉಳಿಯುತ್ತದೆ. ಏಳೂವರೆಯ ಹೊತ್ತಿಗೆ ರಾತ್ರಿಯ ಕೋರು ಮುಗಿದು, ಆಗಷ್ಟೇ ಮಾಡಿದ ಬಿಸಿ ಕೋರು ಬಳಕೆಗೆ ಬರುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರು, ನಾವು ಕೇಳಿದ ಮೇಲೆ, ಹೇಳಿದರು: “ಸರ್, ಈ ರ‍್ಯಾಕು ಮೊದಲು ಇಲ್ಲಿರಲಿಲ್ಲ. ಒಳಗೋಡೆ ಹತ್ತಿರ ಇತ್ತು. ಮಾರ್ಚಿನಲ್ಲಿ ಹೊಸ ಪ್ಯಾಟರ್ನುಗಳು ಬಂದಾಗ ಇಲ್ಲಿಗೆ ತಂದರು.” ಮಾರ್ಚಿನಲ್ಲಿ ಮಾಡಿದ ಬದಲಾವಣೆಯ ಫಲ ಜೂನಿನಲ್ಲಿ ಕಂಡಿತ್ತು. ನಡುವಿನ ಎರಡೂವರೆ ತಿಂಗಳು ಒಣ ಹವೆಯಿದ್ದುದರಿಂದ ಯಾರಿಗೂ ಏನೂ ಗೊತ್ತಾಗಲಿಲ್ಲ.

ಇಷ್ಟು ತಿಳಿದ ಮೇಲೂ ನಾವು ರ‍್ಯಾಕನ್ನು ಕೂಡಲೇ ಸರಿಸಲಿಲ್ಲ. ಒಂದು ವಾರ, ರಾತ್ರಿಯ ಕೋರುಗಳಲ್ಲಿ ಅರ್ಧವನ್ನು ಶಟರಿನ ಬಳಿ, ಅರ್ಧವನ್ನು ಒಳಗೋಡೆಯ ಬಳಿ ಇಟ್ಟು, ಗುರುತು ಹಾಕಿ ಹೊಯ್ದೆವು. ಗುಳ್ಳೆ ಬಂದದ್ದು ಶಟರಿನ ಬಳಿಯ ಕೋರಿನ ಹೌಸಿಂಗುಗಳಲ್ಲಿ ಮಾತ್ರ. ಮೇಲಿನವರು “ಕಾರಣ ಸಿಕ್ಕಿದೆಯಲ್ಲ, ಇನ್ನೂ ಏಕೆ ಹಾಳು ಮಾಡುತ್ತೀರಿ?” ಎಂದು ಸಿಡುಕಿದರು. ಆದರೆ ತೊಂದರೆಯನ್ನು ನಮ್ಮ ಇಷ್ಟದಂತೆ ತರಿಸಿ, ನಮ್ಮ ಇಷ್ಟದಂತೆ ನಿಲ್ಲಿಸಲು ಸಾಧ್ಯವಾಗುವವರೆಗೆ ಕೈಯಲ್ಲಿರುವುದು ಅನುಮಾನವೇ ಹೊರತು ಕಾರಣವಲ್ಲ ಎಂದು ನಾನು ಈಗಲೂ ನಂಬುತ್ತೇನೆ.

ಈ ಶಿಸ್ತು ಪರದೇಶದ್ದು, ನಮ್ಮ ಜನರಿಗೆ ಒಗ್ಗುವುದಿಲ್ಲ ಎಂಬ ಮಾತನ್ನು ಬಹಳ ಸಲ ಕೇಳಿದ್ದೇನೆ. ಅಡಿಕೆ ತೋಟವಿರುವವರು ಹಾಗೆ ಹೇಳಿದರೆ ನನಗೆ ಆಶ್ಚರ್ಯವಾಗುತ್ತದೆ. ಕೊನೆಗಾರರಿಂದ, ಎಂದರೆ ಅಡಿಕೆ ಮರ ಹತ್ತುವವರಿಂದ, ಔಷಧಿ ಹೊಡೆಸಿದ ಮೇಲೂ ಅಡಿಕೆಗೆ ಕೊಳೆರೋಗ ಬಂತೆಂದರೆ ಮನೆಯಲ್ಲಿ ಮೊದಲು ಬರುವ ಮಾತು ‘ಕೊನೆಗಾರ ಸರಿಯಾಗಿ ಹೊಡೆದಿಲ್ಲ’ ಎಂಬುದು, ನಿಜ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಪ್ಪಯ್ಯ ಮಾತ್ರ ಆ ಮಾತಿಗೆ ಕಿವಿಗೊಡುತ್ತಿರಲಿಲ್ಲ. ಔಷಧಿಯೆಂದರೆ ಬೋರ್ಡೋ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆದರೆ ಸುಣ್ಣ ಹಳೆಯದಾಗಿದ್ದರೆ ಆ ಲೆಕ್ಕ ಕೆಡುತ್ತದೆ. ಅದಕ್ಕಾಗಿ ಅವರು ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಪ್ರತಿ ಡ್ರಮ್ಮಿನಲ್ಲೂ ಅದ್ದಿ ನೋಡುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ಕೊಳೆ ಕಂಡ ವರ್ಷ ಅವರು ಕೇಳುತ್ತಿದ್ದ ಪ್ರಶ್ನೆಗಳು ಇವು: ಯಾವ ಸಾಲಿನಲ್ಲಿ ಬಂದಿದೆ, ಯಾವ ಸಾಲಿನಲ್ಲಿ ಇಲ್ಲ, ಮೊದಲನೆಯ ಸಲ ಹೊಡೆದದ್ದಕ್ಕೂ ಎರಡನೆಯ ಸಲಕ್ಕೂ ನಡುವೆ ಎಷ್ಟು ದಿನವಾಯಿತು, ಹಿಂದಿನ ದಿನ ಕಲಸಿ ಉಳಿದ ದ್ರಾವಣವನ್ನು ಎಲ್ಲಿಗೆ ಹೊಡೆದರು. ಕೆಪ್ನರ್, ಟ್ರೆಗೊ ಎಂಬ ಹೆಸರನ್ನು ಅವರು ಕೇಳಿದವರಲ್ಲ. ಅಷ್ಟೇಕೆ, ಕೊಳೆಯನ್ನು ದೇವರ ಮುನಿಸೆಂದೋ ಗಾಳಿಯ ದೋಷವೆಂದೋ ಬಿಡದೆ, ಅದು ಶಿಲೀಂಧ್ರದಿಂದ ಬರುವ ರೋಗವೆಂದು ತೋರಿಸಿ ಬೋರ್ಡೋ ದ್ರಾವಣದ ದಾರಿ ಹಾಕಿಕೊಟ್ಟವರಲ್ಲಿ ಮುಖ್ಯರಾದ ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನಕ್ಕಾಗಿ ಕೊಳೆರೋಗದ ಮೇಲಿನ ತಮ್ಮ ಅಧ್ಯಯನವನ್ನು ಪ್ರಕಟಿಸಿದ್ದು 1910ರಲ್ಲಿ. ಮಲೆನಾಡಿಗೆ ಹೆಜ್ಜೆ ಹೆಜ್ಜೆಯಾಗಿ ಕಾರಣ ಹುಡುಕುವುದು ಏಯ್ಟ್ ಡಿ ಹುಟ್ಟುವ ಮೊದಲೇ ಪರಿಚಯವಾಗಿತ್ತು.

ಎಲ್ಲದಕ್ಕೂ ಎಂಟು ಹೆಜ್ಜೆ ಬೇಕೆಂದು ನಾನು ಹೇಳುತ್ತಿಲ್ಲ. ಬಲ್ಬು ಹೋದರೆ ಬಲ್ಬು ಹಾಕಬೇಕು, ತಂಡ ಕಟ್ಟಬಾರದು. ಮೂವತ್ತು ವರ್ಷ ಕುಲುಮೆಯ ಮುಂದೆ ನಿಂತ ಫೋರ್‌ಮನ್ ಕಿಡಿಯ ಬಣ್ಣ ನೋಡಿಯೇ ಹೇಳುವ ಸಂಗತಿಗಳಿಗೆ ಫಾರಂ ತುಂಬಿಸುವುದು ಅವರಿಗೆ ಮಾಡುವ ಅವಮಾನ. ಒಮ್ಮೆ ಸರಿಮಾಡಿದ ಮೇಲೂ ಮರಳಿ ಬರುವ ತೊಂದರೆಗೆ ಮಾತ್ರ ಈ ನಿಧಾನ ಬೇಕು. ಅಲ್ಲಿಯೂ ನನ್ನನ್ನು ಕೇಳಿದರೆ, ಒಂದು ವಾರದ ಕೆಲಸದಲ್ಲಿ ನಾಲ್ಕು ದಿನವನ್ನು ವಿವರಣೆಗೇ ಇಡಿ, ಮತ್ತು ಆ ನಾಲ್ಕು ದಿನ ಯಾವ ವ್ಯಕ್ತಿಯ ಹೆಸರೂ ಕಾಗದದ ಮೇಲೆ ಬರಬಾರದೆಂದು ಕಟ್ಟಪ್ಪಣೆ ಮಾಡಿ. ಹೆಸರು ಬಂದ ಕ್ಷಣದಿಂದ ಕೆಳಗಿನವರು ಬಾಯಿ ಮುಚ್ಚುತ್ತಾರೆ. ರ‍್ಯಾಕ್ ಎಲ್ಲಿತ್ತು ಎಂದು ಹೇಳಬಲ್ಲವರು ಅವರು ಮಾತ್ರ.

ನಮ್ಮ ಎರಡನೆಯ ವರದಿಯನ್ನು ಗ್ರಾಹಕರು ಒಪ್ಪಿದರು. ರ‍್ಯಾಕ್ ಒಳಗೋಡೆಗೆ ಹೋಯಿತು, ನೆಲದ ಮೇಲೆ ಹಳದಿ ಗೆರೆ ಎಳೆದು ಅದರ ಜಾಗ ಗೊತ್ತುಮಾಡಲಾಯಿತು, ಶಟರ್ ರಿಪೇರಿಯಾಯಿತು. ಎಂಟನೆಯ ಹೆಜ್ಜೆಗಾಗಿ ಮೀಟಿಂಗ್ ಕೋಣೆಯಲ್ಲಿ ಮೈಸೂರು ಪಾಕ್ ಹಂಚಿದರು. ರ‍್ಯಾಕಿನ ವಿಷಯ ಹೇಳಿದ ಆ ಹೆಂಗಸನ್ನು ಯಾರೂ ಕರೆದಿರಲಿಲ್ಲ. ಮೊದಲ ವರದಿಯನ್ನು ರದ್ದು ಮಾಡಬೇಕೆಂದು ನಾನು ಕೇಳಿದಾಗ, ಆಡಿಟ್‌ನಲ್ಲಿ ಪ್ರಶ್ನೆ ಬರುತ್ತದೆ, ಗ್ರಾಹಕರಿಗೆ ಕಳಿಸಿದ ಕಾಗದವನ್ನು ಹಿಂತೆಗೆದುಕೊಳ್ಳುವ ಪದ್ಧತಿ ಇಲ್ಲ ಎಂಬ ಉತ್ತರ ಬಂತು. ನಾನು ಎರಡನೆಯ ಸಲ ಕೇಳಲಿಲ್ಲ. ಆ ವರ್ಷ ಇನ್‌ಕ್ರಿಮೆಂಟಿನ ಪಟ್ಟಿ ಬಂದಾಗ ಆ ಮೋಲ್ಡರ್ ನನ್ನ ಟೇಬಲ್ಲಿನ ಮುಂದೆ ನಿಂತು, “ಸರ್, ನನ್ನ ಫೈಲಿನಲ್ಲಿ ತರಬೇತಿ ಸಾಲದು ಅಂತ ಇದೆಯಂತೆ, ಯಾವ ತರಬೇತಿ ಸರ್ ಅದು?” ಎಂದು ಕೇಳಿದರು. ವೆಂಟ್ ಚುಚ್ಚುವುದನ್ನು ಆ ಲೈನಿನ ಅರ್ಧ ಜನರಿಗೆ ಕಲಿಸಿದವರು ಅವರೇ.